ಪಾಶ್ಚಾತ್ಯ ಮರದಚ್ಚು ಮುದ್ರಣಕಲೆಯ ಮೇಲೆ ಜಪಾನಿನ ಪ್ರಭಾವ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಪಾನಿನ ಉಕಿಯೊ-ಎ ಎಂಬ ಮರದಚ್ಚು ಚಿತ್ರಗಳು ಯುರೋಪು ಮತ್ತು ಅಮೆರಿಕಕ್ಕೆ ತಲುಪಿದವು. ಆ ಬಳಿಕ ಅಲ್ಲಿನ ಮರದಚ್ಚು ಚಿತ್ರಕಲೆಯಲ್ಲಿ ಆದ ಬದಲಾವಣೆ ಆಧುನಿಕ ಕಲೆಯ ಚರಿತ್ರೆಯ ದೊಡ್ಡ ಘಟನೆಗಳಲ್ಲಿ ಒಂದು. ಈ ಪ್ರಭಾವ ಒಂದೇ ಸಲಕ್ಕೆ ಬಂದದ್ದಲ್ಲ. ಮೊದಲು ಕಲಾವಿದರ ಕಣ್ಣು ಬದಲಾಯಿತು. ಚಪ್ಪಟೆ ಬಣ್ಣ, ಕತ್ತರಿಸಿದಂತಿರುವ ಚೌಕಟ್ಟು, ನೆರಳಿಲ್ಲದ ಆಕೃತಿ ಅವರ ಚಿತ್ರಗಳಿಗೆ ಬಂದವು. ಕೈ ಬದಲಾದದ್ದು ಮೂವತ್ತು ವರ್ಷ ತಡವಾಗಿ. ಹಲಗೆ ಕೆತ್ತುವ, ನೀರುಬಣ್ಣ ಹಚ್ಚುವ, ಕಾಗದ ಉಜ್ಜುವ ಜಪಾನೀ ಕಸುಬನ್ನು ಪಾಶ್ಚಾತ್ಯರು ಕಲಿತದ್ದು 1890ರ ದಶಕದಿಂದ ಈಚೆಗೆ. ಕಲಾಚರಿತ್ರೆಯ ಪುಸ್ತಕಗಳು ಮೊದಲನೆಯದಕ್ಕೆ ಪುಟಗಟ್ಟಲೆ ಜಾಗ ಕೊಟ್ಟು, ಎರಡನೆಯದನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತವೆ. ಮರದಚ್ಚಿನ ಮಟ್ಟಿಗೆ ಹೆಚ್ಚು ಆಳವಾಗಿ ಬೇರೂರಿದ್ದು ಎರಡನೆಯದೇ.

ಎಡೋದ ಕಸುಬು

ಇಂದಿನ ಟೋಕಿಯೋ ಆಗಿರುವ ಎಡೋ ನಗರದಲ್ಲಿ 1765ರಲ್ಲಿ ಸುಜುಕಿ ಹರುನೊಬು ಮತ್ತು ಅವನ ಸಂಗಡಿಗರು ಬಹುವರ್ಣದ ಅಚ್ಚನ್ನು ರೂಢಿಗೆ ತಂದರು. ಒಂದು ಚಿತ್ರ ಹೊರಬರಲು ನಾಲ್ವರು ಬೇಕಿತ್ತು: ಬಂಡವಾಳ ಹಾಕುವ ಪ್ರಕಾಶಕ, ಚಿತ್ರ ಬರೆಯುವವ, ಕೆತ್ತುವವ, ಅಚ್ಚೊತ್ತುವವ. ನಾವು ಹೊಕುಸಾಯ್, ಹಿರೊಶಿಗೆ, ಉತಮಾರೊ ಎಂದು ಹೆಸರು ಹಿಡಿದು ಕರೆಯುವುದು ಚಿತ್ರ ಬರೆದವರನ್ನು ಮಾತ್ರ. ಅವರು ಸಾಮಾನ್ಯವಾಗಿ ಉಳಿ ಹಿಡಿದವರಲ್ಲ.

ಬರೆದ ಚಿತ್ರವನ್ನು ತೆಳು ಕಾಗದದ ಮೇಲೆ ಇಳಿಸಿ, ಅದನ್ನು ಕಾಡುಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸುತ್ತಿದ್ದರು. ಕಾಗದದ ಹಿಂಬದಿಯನ್ನು ಬೆರಳಿನಿಂದ ತಿಕ್ಕಿ ತೆಳ್ಳಗಾಗಿಸಿದಾಗ ಗೆರೆಗಳು ಕಾಣುತ್ತವೆ. ಕೆತ್ತುವವನು ಗೆರೆಯ ಎರಡೂ ಬದಿಯ ಮರವನ್ನು ತೆಗೆದು ಗೆರೆಯನ್ನು ಉಬ್ಬಾಗಿ ಉಳಿಸುತ್ತಾನೆ. ಅಂಟಿಸಿದ ಹಾಳೆ ಅಲ್ಲಿಗೆ ನಾಶವಾಗುತ್ತದೆ. ಈ ಗೆರೆಹಲಗೆಯಿಂದ ತೆಗೆದ ಪ್ರತಿಗಳನ್ನು ಬೇರೆ ಹಲಗೆಗಳಿಗೆ ಅಂಟಿಸಿ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಕೆತ್ತುತ್ತಿದ್ದರು. ಹತ್ತು ಹಲಗೆಗಳ ಬಣ್ಣಗಳು ಒಂದೇ ಕಾಗದದ ಮೇಲೆ ಕೂದಲೆಳೆಯಷ್ಟೂ ಸರಿಯದೆ ಕೂರಲು ಅವರು ಕಂಡುಕೊಂಡ ಉಪಾಯ ಕೆಂತೊ. ಹಲಗೆಯ ಒಂದು ಮೂಲೆಯಲ್ಲಿ ಲಂಬಕೋನದ ಒಂದು ಕಚ್ಚು, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ನೇರವಾದ ಇನ್ನೊಂದು ಕಚ್ಚು, ಅಷ್ಟೇ. ಕಾಗದದ ಮೂಲೆಯನ್ನು ಮೊದಲನೆಯದಕ್ಕೂ ಅಂಚನ್ನು ಎರಡನೆಯದಕ್ಕೂ ತಾಗಿಸಿ ಇಳಿಬಿಟ್ಟರೆ ಬಣ್ಣ ತನ್ನ ಜಾಗಕ್ಕೇ ಬೀಳುತ್ತದೆ. ಗುರುತು ಹಲಗೆಯಲ್ಲೇ ಕೆತ್ತಿರುವುದರಿಂದ ಯಂತ್ರದ ಹಂಗಿಲ್ಲ.

ಬಣ್ಣವನ್ನು ನೀರಿನಲ್ಲಿ ಕಲಸಿ, ಅಕ್ಕಿಹಿಟ್ಟಿನ ಅಂಟು ಸೇರಿಸಿ, ಕುಂಚದಿಂದ ಹಲಗೆಗೆ ಹಚ್ಚುತ್ತಿದ್ದರು. ಹಲಗೆಯ ಒಂದು ಭಾಗವನ್ನು ಒದ್ದೆಮಾಡಿ ಬಣ್ಣ ತೀಡಿದರೆ ಗಾಢದಿಂದ ತಿಳಿಗೆ ಇಳಿಯುವ ಛಾಯೆ ಬರುತ್ತದೆ; ಹಿರೊಶಿಗೆಯ ಸಂಜೆಯ ಆಕಾಶಗಳೆಲ್ಲ ಈ ಬೊಕಾಶಿ ವಿಧಾನದವು. ತೇವಮಾಡಿದ ಕಾಗದವನ್ನು ಹಲಗೆಯ ಮೇಲಿಟ್ಟು ಬರೆನ್ ಎಂಬ ಅಂಗೈಯಗಲದ ಬಿಲ್ಲೆಯಿಂದ ಉಜ್ಜುತ್ತಾರೆ. ಬಿದಿರಿನ ಪೊರೆಯನ್ನು ಸೀಳಿ ಹೊಸೆದ ಹುರಿಯನ್ನು ಸುರುಳಿ ಸುತ್ತಿ, ಮೇಲೆ ಇನ್ನೊಂದು ಪೊರೆ ಬಿಗಿದು ಮಾಡಿದ ಸಾಧನ ಅದು. ಕಾಗದ ಕೋಜೊ ಗಿಡದ ನಾರಿನದು. ನಮ್ಮಲ್ಲಿ ರೇಷ್ಮೆ ಹುಳುವಿಗೆ ಹಾಕುವ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ ಗಿಡ. ಅದರ ನೀಳ ನಾರಿನಿಂದಾಗಿಯೇ ಕಾಗದ ಹತ್ತಾರು ಸಲ ಉಜ್ಜಿಸಿಕೊಂಡೂ ಹರಿಯದೆ ಉಳಿಯುತ್ತದೆ. ಬಣ್ಣವೂ ಮೇಲ್ಮೈಯಲ್ಲಿ ನಿಲ್ಲದೆ ನಾರಿನೊಳಕ್ಕೆ ಇಳಿಯುತ್ತದೆ.

ಯುರೋಪಿನಲ್ಲಿ ಆಗ ಇದ್ದದ್ದು ಬೇರೆಯೇ ಪದ್ಧತಿ. ಜರ್ಮನ್ ಕಲಾವಿದ ಡ್ಯೂರರನ ಕಾಲದ ಹಲಗೆಯಚ್ಚು (ಉಡ್‌ಕಟ್) ಬಹುಪಾಲು ಮರೆಯಾಗಿತ್ತು. ಹದಿನೆಂಟನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ ಬೆಳೆಸಿದ ಉಡ್ ಎನ್‌ಗ್ರೇವಿಂಗ್ ಅದರ ಜಾಗಕ್ಕೆ ಬಂದಿತ್ತು. ಬಾಕ್ಸ್‌ವುಡ್ ಮರವನ್ನು ಅಡ್ಡಕ್ಕೆ ಕೊಯ್ದು ಸಿಗುವ ಗಟ್ಟಿ ಮುಖದಲ್ಲಿ ಸೂಕ್ಷ್ಮ ಬಿಳಿಗೆರೆಗಳನ್ನು ಕೊರೆಯುವುದು, ಎಣ್ಣೆಶಾಯಿ ಬಳಸಿ ಯಂತ್ರದಲ್ಲಿ ಒತ್ತುವುದು ಅದರ ಕ್ರಮ. ಪತ್ರಿಕೆಗಳ ಹೆಚ್ಚಿನ ಚಿತ್ರಗಳು ಹೀಗೇ ಅಚ್ಚಾಗುತ್ತಿದ್ದವು. ಇನ್ನೊಬ್ಬರ ಚಿತ್ರವನ್ನು ನಕಲು ಮಾಡುವ ಕೂಲಿಯ ಕೆಲಸವಾಗಿದ್ದ ಇದು, ಛಾಯಾಚಿತ್ರದಿಂದ ಅಚ್ಚು ತೆಗೆಯುವ ತಂತ್ರ ಬಂದ ಮೇಲೆ ಶತಮಾನದ ಕೊನೆಗೆ ಕುಸಿಯಿತು. ಮಾರುಕಟ್ಟೆ ಕೈಬಿಟ್ಟ ಮರವನ್ನು ಕಲಾವಿದರು ಕೈಗೆತ್ತಿಕೊಳ್ಳಲು ಅವಕಾಶ ಸಿಕ್ಕಿದ್ದು ಇಲ್ಲಿಯೇ. ಜಪಾನಿನ ಚಿತ್ರಗಳು ಸರಿಯಾದ ಹೊತ್ತಿಗೆ ಕೈಸೇರಿದವು.

ಕೊಡುಕೊಳ್ಳುವಿಕೆ ಏಕಮುಖವಾಗಿತ್ತು ಎಂದೂ ತಿಳಿಯಬಾರದು. ಡಚ್ ವ್ಯಾಪಾರಿಗಳ ಮೂಲಕ ಬಂದ ಪುಸ್ತಕ, ಚಿತ್ರಗಳಿಂದ ಎಡೋದ ಕಲಾವಿದರು ಯುರೋಪಿನ ದೂರದೃಶ್ಯದ ಕ್ರಮವನ್ನು ಆಗಲೇ ಕಲಿತಿದ್ದರು. 1830ರ ಸುಮಾರಿಗೆ ಹೊರಬರತೊಡಗಿದ ಹೊಕುಸಾಯನ ‘ಫೂಜಿ ಪರ್ವತದ 36 ನೋಟಗಳು’ ಮಾಲೆಯ ಕಡುನೀಲಿ ಬಣ್ಣ ಬರ್ಲಿನ್ನಿನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ. ಫ್ರೆಂಚರು ಬೆರಗಿನಿಂದ ನೋಡಿದ ಜಪಾನಿನಲ್ಲಿ ಯುರೋಪಿನ ಅಂಶವೂ ಬೆರೆತಿತ್ತು.

ಪ್ಯಾರಿಸ್: ಬದಲಾದ ನೋಟ

1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ಹಡಗುಗಳೊಂದಿಗೆ ಜಪಾನಿಗೆ ಬಂದ. ಮರುವರ್ಷ ಕನಗಾವ ಒಪ್ಪಂದವಾಯಿತು. ಅಲ್ಲಿಂದ ಜಪಾನಿನ ವಸ್ತುಗಳು ಹೊರಗೆ ಹರಿಯತೊಡಗಿದವು. 1862ರ ಲಂಡನ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಬ್ರಿಟಿಷ್ ರಾಯಭಾರಿ ರದರ್‌ಫರ್ಡ್ ಆಲ್ಕಾಕನ ಸಂಗ್ರಹವನ್ನೂ, 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಜಪಾನಿನ ಮಳಿಗೆಯನ್ನೂ ಜನ ಕಂಡರು. ತಗಡಚ್ಚಿನ (ಎಚ್ಚಿಂಗ್) ಕಲಾವಿದ ಫೆಲಿಕ್ಸ್ ಬ್ರಾಕ್‌ಮೊಂ 1856ರಲ್ಲೇ ಮುದ್ರಕನೊಬ್ಬನ ಅಂಗಡಿಯಲ್ಲಿ ‘ಹೊಕುಸಾಯ್ ಮಂಗಾ’ದ ಸಂಪುಟವೊಂದನ್ನು ಕಂಡ ಎಂಬ ಕಥೆ ಬಹಳ ಪ್ರಸಿದ್ಧ. ಕಥೆಯ ಇಸವಿ ಹೇಗೇ ಇರಲಿ, 1866ರಲ್ಲಿ ಅವನು ಊಟದ ತಟ್ಟೆಗಳಿಗೆ ಬರೆದ ಹಕ್ಕಿ, ಮೀನುಗಳಲ್ಲಿ ಹೊಕುಸಾಯನ ಗುರುತು ಸ್ಪಷ್ಟವಾಗಿದೆ.

ಸೀಗ್‌ಫ್ರೀಡ್ ಬಿಂಗ್ ಮತ್ತು ಹಯಾಶಿ ತದಮಾಸ ಎಂಬ ಇಬ್ಬರು ವ್ಯಾಪಾರಿಗಳು ಪ್ಯಾರಿಸ್ಸಿನಲ್ಲಿ ಈ ಚಿತ್ರಗಳ ಮಾರಾಟವನ್ನು ನೆಲೆಗೊಳಿಸಿದರು. ಬಿಂಗನ ಅಂಗಡಿಯಲ್ಲಿ ಚಿತ್ರಗಳನ್ನು ಹರವಿಕೊಂಡು ನೋಡಿದ ವ್ಯಾನ್ ಗೋ 1887ರಲ್ಲಿ ಹಿರೊಶಿಗೆಯ ಎರಡು ಅಚ್ಚುಗಳನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿದ. 1890ರಲ್ಲಿ ಬಿಂಗ್ ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್‌ನಲ್ಲಿ ಏರ್ಪಡಿಸಿದ ಪ್ರದರ್ಶನದಲ್ಲಿ 700ಕ್ಕೂ ಹೆಚ್ಚು ಅಚ್ಚುಗಳಿದ್ದವು. ಅದನ್ನು ನೋಡಿದ ಅಮೆರಿಕದ ಕಲಾವಿದೆ ಮೇರಿ ಕಸಾಟ್ ಮುಂದಿನ ವರ್ಷದೊಳಗೆ ಹತ್ತು ಬಣ್ಣದ ಚಿತ್ರಗಳ ಮಾಲೆಯನ್ನು ಮುಗಿಸಿದಳು. ಜಪಾನೀ ಪ್ರಭಾವದ ಅತ್ಯುತ್ತಮ ಮುದ್ರಣಗಳೆಂದು ಹೆಸರಾದ ಅವು ತಾಮ್ರದ ತಗಡಿನವು, ಮರದವಲ್ಲ. ಮೊದಲ ಅಲೆಯ ಸ್ವಭಾವವೇ ಇದು. ನೋಟವನ್ನು ತೆಗೆದುಕೊಂಡರು, ವಿಧಾನವನ್ನು ಬಿಟ್ಟರು.

ಮರಕ್ಕೆ ಮರಳಿದವರಲ್ಲಿ ಸ್ವಿಟ್ಜರ್‌ಲೆಂಡಿನಿಂದ ಪ್ಯಾರಿಸ್ಸಿಗೆ ಬಂದು ನೆಲೆಸಿದ ಫೆಲಿಕ್ಸ್ ವಾಲೊಟನ್ ಮುಖ್ಯ. 1891ರಿಂದ ಅವನು ಕಪ್ಪು-ಬಿಳುಪಿನ ಉಡ್‌ಕಟ್‌ಗಳನ್ನು ಕೆತ್ತತೊಡಗಿದ. ಜಪಾನಿನ ಬಣ್ಣವನ್ನು ಬಿಟ್ಟು, ಅದರ ಸಮತಟ್ಟು ಹರವನ್ನು ಮಾತ್ರ ತೆಗೆದುಕೊಂಡು ಕೊನೆಯ ಮಿತಿಯವರೆಗೆ ಒಯ್ದ. 1897–98ರ ‘ಆಪ್ತಘಳಿಗೆಗಳು’ ಮಾಲೆಯಲ್ಲಿ ಹತ್ತು ಚಿತ್ರಗಳಿವೆ. ಅದರಲ್ಲಿ ‘ಹಣ’ ಎಂಬುದನ್ನು ನೋಡಬೇಕು. ಎಡಬದಿಯ ಕಿಟಕಿಯ ಬಳಿ ಬಿಳಿಯುಡುಪಿನ ಹೆಣ್ಣು, ಪಕ್ಕದಲ್ಲಿ ಕೈಚಾಚಿ ಮಾತಾಡುವ ಗಂಡು. ಅವನ ಕೋಟಿನ ಅಂಚು ಎಲ್ಲಿ ಮುಗಿಯಿತು, ಕೋಣೆಯ ಕತ್ತಲು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಚಿತ್ರದ ಅರ್ಧಕ್ಕೂ ಹೆಚ್ಚು ಭಾಗ ಒಂದೇ ಕಪ್ಪು. ಕೆತ್ತದೆ ಬಿಟ್ಟ ಮರವೇ ಅಲ್ಲಿ ಕಥೆ ಹೇಳುತ್ತದೆ. ಖಾಲಿ ಜಾಗವನ್ನು ಹೀಗೆ ದುಡಿಸಿಕೊಳ್ಳುವುದನ್ನು ವಾಲೊಟನ್ ಎಡೋದಿಂದ ಕಲಿತ, ಆದರೆ ಕಲಿತದ್ದು ಎಲ್ಲೂ ಎರವಲಿನಂತೆ ಕಾಣುವುದಿಲ್ಲ.

ಆಂರಿ ರಿವಿಯೇರನ ದಾರಿ ಬೇರೆ. ‘ಷಾ ನ್ವಾರ್’ ಕ್ಯಾಬರೆಯ ನೆರಳುನಾಟಕಗಳನ್ನು ನಡೆಸುತ್ತಿದ್ದ ಈತ ಜಪಾನನ್ನು ಎಂದೂ ಕಂಡವನಲ್ಲ. ಕೆತ್ತಲು ಹೇಳಿಕೊಟ್ಟ ಗುರುವೂ ಇರಲಿಲ್ಲ. ಅಚ್ಚುಗಳನ್ನು ನೋಡಿ ನೋಡಿಯೇ ವಿಧಾನವನ್ನು ಊಹಿಸಿ, ಬ್ರಿಟನಿ ಕರಾವಳಿಯ 40 ನೋಟಗಳನ್ನು 1890ರಿಂದ 1894ರವರೆಗೆ ತಾನೇ ಕೆತ್ತಿ, ನೀರುಬಣ್ಣದಲ್ಲಿ ತಾನೇ ಅಚ್ಚೊತ್ತಿದ. ಒಂದು ನೋಟಕ್ಕೆ ಹಲವು ಹಲಗೆ, ಪ್ರತಿಗಳು ಮಾತ್ರ ಬೆರಳೆಣಿಕೆಯಷ್ಟು. ಹೊಕುಸಾಯನಿಗೆ ನಮನವಾಗಿ ‘ಐಫೆಲ್ ಗೋಪುರದ 36 ನೋಟಗಳು’ ಎಂಬ ಮಾಲೆಯನ್ನೂ ಮರದಲ್ಲೇ ಮಾಡಹೊರಟು, ಕೊನೆಗೆ 1902ರಲ್ಲಿ ಕಲ್ಲಚ್ಚಿನಲ್ಲಿ ಪ್ರಕಟಿಸಿದ. ರಿವಿಯೇರನಿಗೆ ಚರಿತ್ರೆಯಲ್ಲಿ ಸಿಕ್ಕಿರುವ ಜಾಗ ಅವನ ಸಾಧನೆಗೆ ಸಾಲದು.

ಫ್ರೆಂಚ್ ಚಿತ್ರಕಾರ ಗೊಗ್ಯಾನ್ ಮತ್ತು ನಾರ್ವೆಯ ಮುಂಕ್ ಅವರನ್ನು ಜಪಾನಿನ ಶಿಷ್ಯರೆಂದು ನೇರವಾಗಿ ಕರೆಯುವುದು ಸರಿಯಲ್ಲ. ತಾಹಿತಿಯಿಂದ ಮರಳಿದ ಗೊಗ್ಯಾನ್ 1893–94ರಲ್ಲಿ ‘ನೋವಾ ನೋವಾ’ ಎಂಬ ಪುಸ್ತಕಕ್ಕಾಗಿ ಕೆತ್ತಿದ ಹತ್ತು ಅಚ್ಚುಗಳು ಬೇಕೆಂದೇ ಒರಟಾದವು, ಎಡೋದ ನಯ ಅವಕ್ಕೆ ಬೇಕಿರಲಿಲ್ಲ. ಮುಂಕ್ 1896ರಲ್ಲಿ ಪ್ಯಾರಿಸ್ಸಿನಲ್ಲಿ ಮರ ಹಿಡಿದ. ಬಣ್ಣಕ್ಕೊಂದು ಹಲಗೆ ಕೆತ್ತುವ ಬದಲು ಒಂದೇ ಹಲಗೆಯನ್ನು ಗರಗಸದಿಂದ ತುಂಡು ಮಾಡಿ, ತುಂಡುಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ, ಮತ್ತೆ ಜೋಡಿಸಿ ಒತ್ತಿದ. ‘ಮುತ್ತು’ ಚಿತ್ರದಲ್ಲಿ ಹಲಗೆಯ ನಾರಿನ ಗೆರೆಗಳೇ ಇಡೀ ಹಿನ್ನೆಲೆ. ಮರದ ಎಳೆಯನ್ನು ಚಿತ್ರದಲ್ಲಿ ಕಾಣಿಸುವುದು ಜಪಾನೀ ಅಚ್ಚುಗಾರರಿಗೂ ಗೊತ್ತಿದ್ದ ಜಾಣ್ಮೆ. ಆದರೆ ಮುಂಕನಲ್ಲಿ ಅದು ಅಲಂಕಾರವಾಗಿ ಉಳಿಯದೆ ಭಾವವೇ ಆಗುತ್ತದೆ. 1905ರಲ್ಲಿ ಡ್ರೆಸ್ಡೆನ್ನಿನಲ್ಲಿ ಹುಟ್ಟಿದ ‘ಡೀ ಬ್ರೂಕೆ’ ಗುಂಪಿನ ಕಿರ್ಶ್ನರ್ ಮತ್ತು ಗೆಳೆಯರು ಹಳೆಯ ಜರ್ಮನ್ ಉಡ್‌ಕಟ್‌ಗಳನ್ನೂ ಮುಂಕ್, ಗೊಗ್ಯಾನ್, ವಾಲೊಟನ್‌ರನ್ನೂ ನೋಡಿ ಬೆಳೆದವರು. ಅವರಿಗೆ ಜಪಾನ್ ತಲುಪಿದ್ದು ಹೆಚ್ಚಾಗಿ ಈ ಮೂವರ ಕೈದಾಟಿ. ಚಪ್ಪಟೆಯಾಗಿ ಕಂಡದ್ದಕ್ಕೆಲ್ಲ ಜಪಾನಿನ ಮುದ್ರೆ ಒತ್ತುವ ಚಾಳಿ ಕೆಲವು ಬರಹಗಾರರಲ್ಲಿದೆ, ಅದನ್ನು ಒಪ್ಪಲಾಗದು.

ಕಸುಬು ಕಲಿತ ಕೈಗಳು

ಜಪಾನೀ ವಿಧಾನ ಪಶ್ಚಿಮಕ್ಕೆ ಹೋದ ದಾರಿಯಲ್ಲಿ ಒಂದು ಸರ್ಕಾರಿ ವರದಿ ಇದೆ. ಜಪಾನಿನ ಹಣಕಾಸು ಇಲಾಖೆಯ ಮುದ್ರಣಾಲಯದ ಮುಖ್ಯಸ್ಥ ಟಿ. ಟೊಕುನೊ ವಾಷಿಂಗ್ಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಮರದಚ್ಚಿನ ಉಳಿ, ಕುಂಚ, ಬರೆನ್‌ಗಳನ್ನೂ ಕೆಲಸದ ವಿವರಣೆಯನ್ನೂ ಕಳಿಸಿಕೊಟ್ಟ. ಅಲ್ಲಿನ ಎಸ್. ಆರ್. ಕೋಲರ್ ಅದನ್ನು ಸಂಪಾದಿಸಿ 1894ರಲ್ಲಿ ಪ್ರಕಟಿಸಿದ. ಇಂಗ್ಲೆಂಡಿನಲ್ಲಿ ಜಾನ್ ಡಿಕ್ಸನ್ ಬ್ಯಾಟನ್ ಮತ್ತು ಫ್ರಾಂಕ್ ಮಾರ್ಲಿ ಫ್ಲೆಚರ್ ಇಬ್ಬರೂ ಬಣ್ಣದ ಅಚ್ಚಿನ ಪ್ರಯತ್ನದಲ್ಲಿದ್ದರು. 1895ರಲ್ಲಿ ಬ್ಯಾಟನ್ ಬರೆದು ಫ್ಲೆಚರ್ ಕೆತ್ತಿದ ‘ಈವ್ ಮತ್ತು ಸರ್ಪ’ ಬ್ರಿಟನ್ನಿನಲ್ಲಿ ಜಪಾನೀ ರೀತಿಯ ಬಣ್ಣದಚ್ಚಿನ ಆರಂಭವನ್ನು ಗುರುತಿಸುತ್ತದೆ.

ಫ್ಲೆಚರ್ ಒಳ್ಳೆಯ ಕಲಾವಿದ, ಅದಕ್ಕಿಂತ ದೊಡ್ಡ ಮೇಷ್ಟ್ರು. ಲಂಡನ್ನಿನಲ್ಲೂ ರೆಡಿಂಗಿನಲ್ಲೂ ಪಾಠ ಹೇಳಿ, ಬಳಿಕ ಎಡಿನ್‌ಬರೊ ಕಲಾ ಕಾಲೇಜಿನ ನಿರ್ದೇಶಕನಾಗಿ, 1923ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾಕ್ಕೆ ಹೋದ. ಹೋದಲ್ಲೆಲ್ಲ ಶಿಷ್ಯರಾದರು. ರೆಡಿಂಗಿನ ಆ್ಯಲನ್ ಸೀಬಿ ಹಕ್ಕಿಗಳ ಅಚ್ಚುಗಳಿಂದ ಹೆಸರಾದ. 1909ರಲ್ಲಿ ಬಣ್ಣದಚ್ಚಿನ ಕಲಾವಿದರ ಸಂಘವೇ ಲಂಡನ್ನಿನಲ್ಲಿ ಸ್ಥಾಪನೆಯಾಯಿತು. ಎಡಿನ್‌ಬರೊದಲ್ಲಿ ಪಾಠ ಮಾಡುತ್ತಿದ್ದ ಮೇಬಲ್ ರಾಯ್ಡ್ಸ್ ಎಚ್ಚಿಂಗ್ ಕಲಾವಿದನಾದ ಗಂಡ ಅರ್ನೆಸ್ಟ್ ಲಮ್ಸ್‌ಡೆನ್ ಜೊತೆ ಭಾರತದಲ್ಲಿ ತಿರುಗಾಡಿ ಬಂದವಳು. ಇಲ್ಲಿನ ಬೀದಿ, ಘಾಟಿ, ದುಡಿಯುವ ಜನರನ್ನು ಬಣ್ಣದ ಅಚ್ಚುಗಳಲ್ಲಿ ಮೂಡಿಸಿದಳು. ದುಬಾರಿ ಚೆರ್ರಿ ಹಲಗೆಯ ಬದಲು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬ್ರೆಡ್ ಕೊಯ್ಯುವ ಮಣೆಗಳನ್ನು ತಂದು ಕೆತ್ತುತ್ತಿದ್ದಳು. ಭಾರತದ ದೃಶ್ಯ, ಜಪಾನಿನ ವಿಧಾನ, ಸ್ಕಾಟ್ಲೆಂಡಿನ ಅಡುಗೆಮನೆಯ ಮಣೆ ಕೂಡಿದ ಈ ಅಚ್ಚುಗಳ ಬಣ್ಣದ ಧೈರ್ಯ ಅವಳ ಸಮಕಾಲೀನರಲ್ಲಿ ಅಪರೂಪ.

ಪುಸ್ತಕದಿಂದ ಕಲಿತದ್ದರಲ್ಲಿ ಉಳಿದಿದ್ದ ಕೊರತೆಯನ್ನು ತುಂಬಿದವನು ಉರುಶಿಬಾರ ಮೊಕುಚು. 1910ರಲ್ಲಿ ಲಂಡನ್ನಿನ ಜಪಾನ್–ಬ್ರಿಟಿಷ್ ಪ್ರದರ್ಶನದಲ್ಲಿ ಮರದಚ್ಚಿನ ಪ್ರಾತ್ಯಕ್ಷಿಕೆ ನೀಡಿದ ಈ ಯುವಕ ಸುಮಾರು ಮೂರು ದಶಕ ಯುರೋಪಿನಲ್ಲೇ ಉಳಿದ. ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ಚೀನಾದ ಪ್ರಾಚೀನ ಸುರುಳಿಚಿತ್ರವೊಂದರ ಮರದಚ್ಚಿನ ಪ್ರತಿ ತಯಾರಿಸಿದ, ಫ್ರಾಂಕ್ ಬ್ರ್ಯಾಂಗ್ವಿನ್‌ನ ಚಿತ್ರಗಳನ್ನು ಕೆತ್ತಿ ಒತ್ತಿದ, ಪ್ಯಾರಿಸ್ಸಿನಲ್ಲಿ ಪ್ರಾಸ್ಪರ್ ಇಸಾಕ್ ಮತ್ತು ಜೂಲ್ ಶಾಡೆಲ್ ಅವರಿಗೆ ಕಲಿಸಿದ. ಕಾಗದದ ತೇವ ಎಷ್ಟಿರಬೇಕು, ಬರೆನ್ ಮೇಲೆ ಎಷ್ಟು ಭಾರ ಬಿಡಬೇಕು ಎಂಬುದನ್ನು ಬರೆದು ತಿಳಿಸಲಾಗದು. ಪಕ್ಕದಲ್ಲಿ ಕೂತು ನೋಡಿಯೇ ಕಲಿಯಬೇಕು. ಆ ಅವಕಾಶವನ್ನು ಯುರೋಪಿಗೆ ಕೊಟ್ಟದ್ದು ಉರುಶಿಬಾರ. ಇಂಗ್ಲೆಂಡಿನಿಂದ ಕೆನಡಾದ ವಿನಿಪೆಗ್ಗಿಗೆ ವಲಸೆ ಹೋದ ವಾಲ್ಟರ್ ಫಿಲಿಪ್ಸ್ ಕೂಡ ಅವನಿಂದ ಕಲಿತು, 1926ರಲ್ಲಿ ಬಣ್ಣದ ಉಡ್‌ಕಟ್ ಕುರಿತು ತನ್ನದೇ ಕೈಪಿಡಿ ಬರೆದ.

ಮಧ್ಯ ಯುರೋಪಿನಲ್ಲಿ ಈ ಕೆಲಸ ಪ್ರಾಗ್‌ನ ಎಮಿಲ್ ಓರ್ಲಿಕನದು. 1900ರಲ್ಲಿ ಅವನು ಜಪಾನಿಗೇ ಹೋಗಿ, ಭಾಷೆ ಕಲಿತು, ಕಸುಬುದಾರರ ಜೊತೆ ಕೆಲಸ ಮಾಡಿ ಮರುವರ್ಷ ಹಿಂತಿರುಗಿದ. ಅವನ ಮೂರು ಚಿತ್ರಗಳು ಒಂದು ದಾಖಲೆಯೇ ಸರಿ: ಒಂದರಲ್ಲಿ ಚಿತ್ರಕಾರ, ಇನ್ನೊಂದರಲ್ಲಿ ಕೆತ್ತುವವ, ಮತ್ತೊಂದರಲ್ಲಿ ಅಚ್ಚೊತ್ತುವವ, ಮೂವರೂ ನೆಲದ ಮೇಲೆ ಕೂತು ಕೆಲಸದಲ್ಲಿ ಮುಳುಗಿದ್ದಾರೆ. ಚಿತ್ರಕಾರನಿಗೆ ಸಿಕ್ಕಷ್ಟೇ ಗೌರವ ಉಳಿದಿಬ್ಬರಿಗೂ ಇಲ್ಲಿ ಸಿಕ್ಕಿದೆ. ಅವನ ಪ್ರೇರಣೆಯಿಂದ ಕಾರ್ಲ್ ಥೀಮನ್ ಮತ್ತು ವಾಲ್ಟರ್ ಕ್ಲೆಮ್ ಬಣ್ಣದ ಅಚ್ಚಿಗೆ ಬಂದರು.

ಅಮೆರಿಕ

ಮ್ಯಾಸಚೂಸೆಟ್ಸ್‌ನ ಇಪ್ಸ್‌ವಿಚ್ ಊರಿನ ಅರ್ಥರ್ ವೆಸ್ಲಿ ಡೌ 1891ರಲ್ಲಿ ಬಾಸ್ಟನ್ನಿನ ಗ್ರಂಥಾಲಯದಲ್ಲಿ ಹೊಕುಸಾಯನ ಚಿತ್ರಗಳ ಪುಸ್ತಕ ನೋಡಿದ. ಫ್ರಾನ್ಸಿನಲ್ಲಿ ವರ್ಷಗಟ್ಟಲೆ ಕಲಿತದ್ದು ಅವನಿಗೆ ಸಪ್ಪೆಯೆನಿಸಿತು. ಬಾಸ್ಟನ್ ವಸ್ತುಸಂಗ್ರಹಾಲಯದ ಜಪಾನೀ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಅರ್ನೆಸ್ಟ್ ಫೆನೊಲೊಸಾ ಅವನಿಗೆ ದಾರಿ ತೋರಿದ. ಡೌ ತನ್ನೂರಿನ ನದಿ, ಸೇತುವೆ, ಹುಲ್ಲುಬಯಲುಗಳನ್ನು ಅಂಗೈಯಗಲದ ಹಲಗೆಗಳಲ್ಲಿ ಕೆತ್ತಿ, ಅದೇ ಹಲಗೆಗಳಿಂದ ಒಮ್ಮೆ ಬೆಳಗು, ಒಮ್ಮೆ ಮುಸ್ಸಂಜೆ ಬರುವಂತೆ ಬಣ್ಣ ಬದಲಿಸುತ್ತ ಒತ್ತಿದ. 1895ರಲ್ಲಿ ಅವು ಬಾಸ್ಟನ್ನಿನಲ್ಲಿ ಪ್ರದರ್ಶನಗೊಂಡವು. ಎಲ್ಲ ಪ್ರತಿಯೂ ಒಂದೇ ತೆರನಾಗಿರಬೇಕೆಂಬ ಅಚ್ಚಿನ ನಿಯಮವನ್ನು ಅವನು ಕೈಬಿಟ್ಟಿದ್ದ. 1899ರ ಅವನ ‘ಕಾಂಪೊಸಿಷನ್’ ಪುಸ್ತಕ ಗೆರೆ, ಕಪ್ಪು-ಬಿಳುಪಿನ ಹೊಂದಿಕೆ, ಬಣ್ಣ ಎಂಬ ಮೂರು ಅಂಶಗಳ ಮೇಲೆ ಚಿತ್ರಕಲೆಯ ಪಾಠವನ್ನು ಕಟ್ಟಿ, ಅಮೆರಿಕದ ಶಾಲೆಗಳವರೆಗೂ ಹೋಯಿತು. ಜಾರ್ಜಿಯಾ ಓ’ಕೀಫ್ ಅವನ ಶಿಷ್ಯೆ.

ಇದೇ ಕಾಲಕ್ಕೆ ಅಮೆರಿಕದ ಮಹಿಳೆಯರು ಕೆಲವರು ನೇರವಾಗಿ ಜಪಾನಿಗೆ ಹೋದರು. ಹೆಲೆನ್ ಹೈಡ್ 1899ರಲ್ಲಿ ಹೋಗಿ, ಟೋಕಿಯೋದಲ್ಲಿ ಓರ್ಲಿಕನಿಂದ ಮರದಚ್ಚು ಕಲಿತು, 1914ರವರೆಗೆ ಅಲ್ಲಿ ನೆಲೆಸಿದ್ದಳು. ಬರ್ತಾ ಲಮ್ 1907ರಲ್ಲಿ ಇಗಾಮಿ ಬೊಂಕೊತ್ಸು ಎಂಬ ಕೆತ್ತನೆಗಾರನ ಬಳಿ ಕಲಿತಳು.

ಪ್ರಾವಿನ್ಸ್‌ಟೌನ್ ಎಂಬ ಕಡಲೂರಿನಲ್ಲಿ 1915ರ ಹೊತ್ತಿಗೆ ಹೊಸದೊಂದು ವಿಧಾನ ಹುಟ್ಟಿತು. ಇಂಗ್ಲೆಂಡಿನಲ್ಲಿ ಫ್ಲೆಚರನ ಬಳಿ ಕಲಿತಿದ್ದ ಬಿ. ಜೆ. ಓ. ನಾರ್ಡ್‌ಫೆಲ್ಟ್, ಬಣ್ಣಕ್ಕೊಂದು ಹಲಗೆ ಕೆತ್ತುವ ಶ್ರಮಕ್ಕೆ ಬೇಸತ್ತು, ಒಂದೇ ಹಲಗೆಯಲ್ಲಿ ಬಣ್ಣಗಳ ನಡುವೆ ಸಣ್ಣ ಕಾಲುವೆ ಕೊರೆದ. ಕಾಲುವೆ ಬಣ್ಣಗಳನ್ನು ಬೆರೆಯಗೊಡುವುದಿಲ್ಲ. ಕಾಗದದ ಮೇಲೆ ಅದು ಬಿಳಿಗೆರೆಯಾಗಿ ಮೂಡುತ್ತದೆ. ಬ್ಲಾಂಚ್ ಲಜೆಲ್ ಈ ವಿಧಾನದಲ್ಲಿ ಕ್ಯೂಬಿಸಂ ಬೆರೆಸಿ ದಶಕಗಳ ಕಾಲ ಕೆಲಸ ಮಾಡಿದಳು. ಜಪಾನೀ ಅಚ್ಚಿನ ಕಪ್ಪು ಗೆರೆಯ ಜಾಗದಲ್ಲಿ ಬಿಳಿ ಗೆರೆ ಬಂದದ್ದು ಅಮೆರಿಕನ್ನರ ಸ್ವಂತ ಕೊಡುಗೆ.

ಮರಳಿ ಜಪಾನಿಗೆ

ಪಾಶ್ಚಾತ್ಯರು ಎಡೋದಿಂದ ಬಹಳಷ್ಟನ್ನು ತೆಗೆದುಕೊಂಡರೂ ನಾಲ್ವರ ಕೂಡುದುಡಿಮೆಯನ್ನು ತೆಗೆದುಕೊಳ್ಳಲಿಲ್ಲ. ಬರೆಯುವುದು, ಕೆತ್ತುವುದು, ಒತ್ತುವುದು ಮೂರೂ ಒಬ್ಬನದೇ ಆಗಿರಬೇಕು ಎಂದು ರಿವಿಯೇರ್, ಫ್ಲೆಚರ್, ಡೌ ನಡೆದು ತೋರಿಸಿದರು. ಈ ವಿಚಾರ ತಿರುಗಿ ಜಪಾನಿಗೆ ಹೋಯಿತು. ಪಾಶ್ಚಾತ್ಯ ಉಡ್ ಎನ್‌ಗ್ರೇವಿಂಗ್ ಕಲಿತಿದ್ದ ಯಮಾಮೊತೊ ಕನಾಯೆ 1904ರಲ್ಲಿ ತಾನೇ ಬರೆದು, ಕೆತ್ತಿ, ಒತ್ತಿದ ‘ಬೆಸ್ತ’ ಎಂಬ ಚಿತ್ರದಿಂದ ಅಲ್ಲಿ ಸೊಸಾಕು-ಹಂಗಾ (ಸೃಜನಶೀಲ ಅಚ್ಚು) ಚಳವಳಿ ಹೊರಟಿತು. ಅದಕ್ಕೆ ಎದುರಾಗಿ ಪ್ರಕಾಶಕ ವತನಾಬೆ ಶೊಜಾಬುರೊ ಹಳೆಯ ಕೂಡುದುಡಿಮೆಯನ್ನೇ ಉಳಿಸಲು ಹೊರಟ. ಅವನ ಜೊತೆ ಮೊದಮೊದಲು ಕೆಲಸ ಮಾಡಿದವರಲ್ಲಿ ವಿದೇಶಿಯರಿದ್ದರು: ಆಸ್ಟ್ರಿಯದ ಫ್ರಿಟ್ಸ್ ಕಪೆಲಾರಿ, ಇಂಗ್ಲೆಂಡಿನ ಚಾರ್ಲ್ಸ್ ಬಾರ್ಟ್ಲೆಟ್, ಸ್ಕಾಟ್ಲೆಂಡಿನ ಎಲಿಜಬೆತ್ ಕೀತ್. ಭಾರತ ಸುತ್ತಿ ಬಂದಿದ್ದ ಬಾರ್ಟ್ಲೆಟ್ಟನ ತಾಜ್ ಮಹಲ್, ಕಾಶಿಯ ದೃಶ್ಯಗಳು 1916ರಲ್ಲಿ ಟೋಕಿಯೋದ ಚೆರ್ರಿ ಹಲಗೆಗಳಿಂದ ಹೊರಬಂದವು. 1956ರಲ್ಲಿ ಜಪಾನಿನ ಅಚ್ಚುಕಲಾವಿದ ಮುನಕಾತ ಶಿಕೊ ವೆನಿಸ್ ಬಿಯೆನಾಲೆಯಲ್ಲಿ ಮುದ್ರಣಕಲೆಯ ಅತ್ಯುನ್ನತ ಬಹುಮಾನ ಪಡೆದ. ವ್ಯಾನ್ ಗೋನನ್ನು ನೋಡಿ ಕಲಾವಿದನಾಗಲು ಹೊರಟಿದ್ದವನು ಈತ.

ಇಪ್ಪತ್ತನೆಯ ಶತಮಾನದ ಕೊನೆಗೆ ಕೂಡುದುಡಿಮೆಗೂ ಪಶ್ಚಿಮದಲ್ಲಿ ಬೆಲೆ ಬಂತು. ಕ್ಯಾಲಿಫೋರ್ನಿಯಾದ ಕ್ರೌನ್ ಪಾಯಿಂಟ್ ಪ್ರೆಸ್ 1982ರಿಂದ ತನ್ನ ಕಲಾವಿದರನ್ನು ಕ್ಯೋಟೊಗೆ ಕಳಿಸಿ, ಅಚ್ಚುಗಾರ ತೊದಾ ತದಾಶಿಯ ಜೊತೆ ಕೆಲಸ ಮಾಡಿಸಿತು. ಅಮೆರಿಕದ ಚಿತ್ರಕಾರ್ತಿ ಹೆಲೆನ್ ಫ್ರಾಂಕೆಂಥಾಲರಳ ‘ಮೇಡಮ್ ಬಟರ್‌ಫ್ಲೈ’ (2000) ಶಿಬಾತ ಯಸುಯುಕಿಯ ನೆರವಿನಿಂದ 46 ಹಲಗೆಗಳಲ್ಲಿ 102 ಬಣ್ಣಗಳಲ್ಲಿ ಮೂಡಿದೆ. ಅಮೂರ್ತ ಚಿತ್ರದ ಹರಿದಾಡುವ ಬಣ್ಣವನ್ನು ಮರದಿಂದ ಇಷ್ಟು ಮೃದುವಾಗಿ ತೆಗೆದ ಇನ್ನೊಂದು ಕೃತಿ ಸಿಗುವುದು ಕಷ್ಟ. 2011ರಲ್ಲಿ ಜಪಾನೀ ಮರದಚ್ಚಿನ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಜಪಾನಿನಲ್ಲಿ ನಡೆಯಿತು.

ಫ್ಲೆಚರ್ 1916ರಲ್ಲಿ ಬರೆದ ‘ವುಡ್-ಬ್ಲಾಕ್ ಪ್ರಿಂಟಿಂಗ್’ ಪುಸ್ತಕ ಇಂದು ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಹಲಗೆ ಆರಿಸುವುದರಿಂದ ಕಾಗದ ಒಣಗಿಸುವವರೆಗೆ ಎಲ್ಲ ಹಂತಗಳನ್ನೂ ಅದು ವಿವರಿಸುತ್ತದೆ. ಈ ಕಸುಬಿಗೆ ಕೈಹಾಕಲು ಬಯಸುವ ಓದುಗರು ಅದರಿಂದಲೇ ಶುರುಮಾಡಬಹುದು.